ನಡುವಿನ ಟೇಬಲ್ ಮರೀಬೇಡ

ಮಗೂ, ನಿನ್ನ ಕೈ ಚುರುಕು, ತಲೆ ಇನ್ನೂ ಚುರುಕು. ಆದರೆ ವಿಷಯ ಕಿವಿಗೆ ಬೀಳೋದೇ ತಡ, ಡೇಟಾಬೇಸ್ ಟೇಬಲ್ ಕಟ್ಟೋಕೆ ಕೂತುಬಿಡ್ತೀಯ. ಕೂಸು ಹುಟ್ಟೋಕೆ ಮುಂಚೆ ಕುಲಾವಿ ಯಾಕೆ ಹೊಲೀತೀಯ? ಯಾರಿಗೆ ಯಾರು ಏನಾಗಬೇಕು ಅಂತ ಮೊದಲು ಕೇಳು.

ಮನೆಯಲ್ಲಿರೋ ಪಹಣಿ ತೆಗಿ. ಒಂದು ಸರ್ವೆ ನಂಬರಿಗೆ ಹಲವು ಹಿಸ್ಸಾ. ಪ್ರತಿ ಹಿಸ್ಸಾಕ್ಕೂ ಒಂದೇ ಸರ್ವೆ ನಂಬರು. ಇದು ಒಂದಕ್ಕೆ ಹಲವು. ಫಾರಿನ್ ಕೀ, ಅಂದರೆ ಇನ್ನೊಂದು ಟೇಬಲಿನ ಸಾಲನ್ನು ತೋರಿಸೋ ಕಾಲಂ, ಎಲ್ಲಿಡಬೇಕು ಅಂತ ಪರದಾಡಬೇಡ. ಮಕ್ಕಳ ಹೆಸರಿಗೆ ಅಪ್ಪನ ಇನಿಷಿಯಲ್ ಇರುತ್ತೆ, ಅಪ್ಪನ ಹೆಸರಿಗೆ ಮಕ್ಕಳ ಇನಿಷಿಯಲ್ ಇರುತ್ತಾ? ಹಾಗೇ, ಕೀ ಹಿಸ್ಸಾದ ಕಡೆ ಇರಲಿ.

ಒಂದಕ್ಕೊಂದು ಅನ್ನಿಸಿದರೆ ಇನ್ನೊಮ್ಮೆ ವಿಚಾರಿಸು. ಹಳ್ಳಿಗೊಬ್ಬ ಗ್ರಾಮ ಆಡಳಿತ ಅಧಿಕಾರಿ ಅಂತ ಬರ್ಕೋತೀಯ. ಆ ಒಬ್ಬರೇ ನಾಲ್ಕು ಹಳ್ಳಿ ನೋಡ್ಕೋತಿರ್ತಾರೆ. ವರ್ಗಾವಣೆ ಆದರೆ ಹಳಬರು, ಹೊಸಬರು ಸೇರಿ ಹಳ್ಳಿಗೂ ಇಬ್ಬರಾದರು.

ಎಡವೋದು ಹಲವಕ್ಕೆ ಹಲವಿನಲ್ಲಿ. ನಿನ್ನ ವಯಸ್ಸಲ್ಲಿ ಒಂದು ಕಚೇರಿಗೆ ಜಮೀನಿನ ಲೆಕ್ಕ ಮಾಡಿಕೊಟ್ಟೆ. ಮಾಲೀಕ 1, ಮಾಲೀಕ 2, ಮಾಲೀಕ 3 ಅಂತ ಮೂರು ಕಾಲಂ. ಒಬ್ಬ ಯಜಮಾನರು ತೀರಿಕೊಂಡರು. ಪೌತಿ ಖಾತೆಗೆ ಹೆಂಡತಿ, ನಾಲ್ಕು ಮಕ್ಕಳು ಬಂದರು. ಐದು ಜನಕ್ಕೆ ಮೂರೇ ಜಾಗ! ಉಳಿದಿಬ್ಬರನ್ನು ಷರಾ ಕಾಲಂಗೆ ತುರುಕಿದೆ. ವರ್ಷದ ಮೇಲೆ ಕಿರಿಯ ಮಗಳು ಬಂದು ತನ್ನ ಹೆಸರು ಹುಡುಕಿಸಿದಳು. ಮಾಲೀಕರ ಕಾಲಂಗಳಲ್ಲಿ ಸಿಗಲಿಲ್ಲ. ನೆಲದಲ್ಲಿ ಪಾಲಿತ್ತು, ನನ್ನ ಟೇಬಲ್‌ನಲ್ಲಿ ಮಾಲೀಕಳಾಗಿ ಅವಳಿರಲಿಲ್ಲ. ಆ ಮುಖ ಇವತ್ತಿಗೂ ಮರೆತಿಲ್ಲ.

ಅವಳ 20 ಗುಂಟೆ ಎಲ್ಲಿ ಬರೀಬೇಕಿತ್ತು ಹೇಳು? ಅವಳ ಹೆಸರಿನ ಮುಂದಲ್ಲ, ಅವಳಿಗೆ ಬೇರೆ ಕಡೆಯೂ ಜಮೀನಿರಬಹುದು. ಹಿಸ್ಸಾದ ಮುಂದೂ ಅಲ್ಲ, ಅಲ್ಲಿ ಇನ್ನೂ ನಾಲ್ವರಿದ್ದಾರೆ. ಮಾಲೀಕರ ಟೇಬಲ್, ಹಿಸ್ಸಾದ ಟೇಬಲ್ ಎರಡರ ನಡುವೆ ಮೂರನೇ ಟೇಬಲ್ ಬೇಕು: ಯಾರು, ಯಾವ ಹಿಸ್ಸಾ, ಎಷ್ಟು ಗುಂಟೆ, ಯಾವತ್ತಿಂದ. 1976ರಲ್ಲಿ ಪೀಟರ್ ಚೆನ್ ಅನ್ನೋ ಕಂಪ್ಯೂಟರ್ ವಿಜ್ಞಾನಿ ಎಂಟಿಟಿಗಳನ್ನು, ಅಂದರೆ ನಮ್ಮ ಮಾಲೀಕ, ಹಿಸ್ಸಾದಂಥವನ್ನು, ಆಯತದಲ್ಲಿ ಬರೆದು, ಸಂಬಂಧಕ್ಕೆ ಕೊಬ್ಬರಿ ಬರ್ಫಿಯಂಥ ಬೇರೆ ಆಕಾರವನ್ನೇ ಕೊಟ್ಟರು. ಸಂಬಂಧಕ್ಕೂ ತನ್ನದೇ ಮಾಹಿತಿ ಇರುತ್ತೆ, ಅದಕ್ಕೂ ಒಂದು ಮನೆ ಬೇಕು.

ಆದ್ದರಿಂದ ಪ್ರಶ್ನೆಯನ್ನು ಎರಡೂ ಕಡೆಯಿಂದ ಕೇಳು. ಒಬ್ಬರಿಗೆ ಎಷ್ಟು ಹಿಸ್ಸಾ? ಒಂದು ಹಿಸ್ಸಾಕ್ಕೆ ಎಷ್ಟು ಜನ? ಒಂದೂ ಇಲ್ಲದೆ ಇರಬಹುದಾ? ಚಿತ್ರ ಬರೆಯುವಾಗ ಎರಡು ಟೇಬಲ್ ಸೇರಿಸೋ ಗೆರೆಯ ತುದಿಯಲ್ಲಿ ಹಲವಕ್ಕೆ ಕಾಗೆಕಾಲು, ಇಲ್ಲದಿರಬಹುದು ಅನ್ನೋದಕ್ಕೆ ಸೊನ್ನೆ ಹಾಕು. ಉತ್ತರ ನೀನೇ ಊಹಿಸಬೇಡ, ದಿನಾ ಆ ಕಡತ ತಿರುವಿಹಾಕೋರನ್ನು ಕೇಳು.

ಕೋಡಿನ ವ್ಯಾಕರಣ ತಪ್ಪಾದರೆ ಕಂಪ್ಯೂಟರ್ ಕೂಗಿ ಹೇಳುತ್ತೆ. ಸಂಬಂಧ ತಪ್ಪಾದರೆ ಸದ್ದೇ ಇಲ್ಲ, ಯಾರದೋ ಹೆಸರು ಬಿದ್ದುಹೋಗಿರುತ್ತೆ. ನಿನ್ನ ಟೇಬಲ್‌ನಲ್ಲಿ ಆ ಕಿರಿಯ ಮಗಳಿಗೆ ಜಾಗ ಇದೆಯಾ, ನೋಡ್ಕೊಂಡು ಆಮೇಲೆ ಕೀಲಿಮಣೆ ಮುಟ್ಟು.