ನದಿ ನೀರಿನ ಗುಣ ತಿಳಿಸುವ ಪ್ಲವಕಗಳು

ಬೆಳೆಗೂ ದನಕರುಗಳಿಗೂ ನದಿ ನೀರನ್ನೇ ನಂಬಿದ ರೈತರು ಅನೇಕರಿದ್ದಾರೆ. ರಾಸಾಯನಿಕ ಪರೀಕ್ಷೆಯು ಮಾದರಿ ತೆಗೆದ ಹೊತ್ತಿನ ಸ್ಥಿತಿಯನ್ನಷ್ಟೇ ತಿಳಿಸುತ್ತದೆ. ರಾತ್ರಿ ಹರಿಯಬಿಟ್ಟ ಕೊಳಚೆ ಬೆಳಗಾಗುವಷ್ಟರಲ್ಲಿ ಮುಂದೆ ಸಾಗಿರಬಹುದು. ಆದರೆ ಒಡ್ಡಿನ ಹಿಂದೆ ಹಾಗೂ ಮಡುಗಳಲ್ಲಿ ನೆಲೆಸಿದ ಪ್ಲವಕಗಳಲ್ಲಿ ಹಿಂದಿನ ದಿನಗಳ ಪರಿಣಾಮವೂ ಕಂಡುಬರುತ್ತದೆ.

ಪ್ಲವಕಗಳೆಂದರೇನು?

ನೀರಿನಲ್ಲಿ ತೇಲುತ್ತ ಬಾಳುವ ಅತಿ ಸಣ್ಣ ಜೀವಿಗಳೇ ಪ್ಲವಕಗಳು. ಡಯಾಟಮ್, ಹಸಿರು ಪಾಚಿ, ನೀಲಿ-ಹಸಿರು ಪಾಚಿ ಮುಂತಾದವು ಸಸ್ಯ ಪ್ಲವಕಗಳು. ರೋಟಿಫರ್, ಡ್ಯಾಫ್ನಿಯ, ಸೈಕ್ಲಾಪ್ಸ್ ಮುಂತಾದವು ಪ್ರಾಣಿ ಪ್ಲವಕಗಳು. ಮೀನಿನ ಮರಿಗಳಿಗೆ ಇವು ಮುಖ್ಯ ಆಹಾರ.

ಸಂಖ್ಯೆಗಿಂತ ಬಗೆಗಳು ಮುಖ್ಯ

ಪ್ಲವಕಗಳು ಹೆಚ್ಚಿದ್ದ ಮಾತ್ರಕ್ಕೆ ನೀರು ಒಳ್ಳೆಯದೆಂದು ತಿಳಿಯಬಾರದು. ಉದಾಹರಣೆಗೆ, ಎರಡು ಮಾದರಿಗಳಲ್ಲಿ ತಲಾ 200 ಜೀವಿಗಳಿವೆಯೆಂದು ಭಾವಿಸೋಣ. ಮೊದಲನೆಯದರಲ್ಲಿ 20 ಬಗೆಗಳು, ಪ್ರತಿಯೊಂದರಲ್ಲೂ 10 ಜೀವಿಗಳು. ಎರಡನೆಯದರಲ್ಲಿ 4 ಬಗೆಗಳು. ಒಂದೇ ಬಗೆಯವು 185, ಉಳಿದವು ತಲಾ 5. ವೈವಿಧ್ಯವನ್ನು ಅಳೆಯುವ ಶ್ಯಾನನ್ ಸೂಚ್ಯಂಕವು ಮೊದಲನೆಯದಕ್ಕೆ ಸುಮಾರು 3.0, ಎರಡನೆಯದಕ್ಕೆ ಸುಮಾರು 0.35 ಆಗುತ್ತದೆ. ಕೊಳಚೆ ಸೇರಿದಾಗ ತಾಳಲಾರದ ಬಗೆಗಳು ಅಳಿದು, ತಾಳಬಲ್ಲ ಕೆಲವೇ ಬಗೆಗಳು ವಿಪರೀತ ಹೆಚ್ಚುತ್ತವೆ.

ಯಾವ ಬಗೆಗಳಿವೆ ಎಂಬುದೂ ಮುಖ್ಯ. 1969ರಲ್ಲಿ ಸಿ. ಎಂ. ಪಾಮರ್ ಅವರು ಕೊಳಚೆಯನ್ನು ತಾಳಬಲ್ಲ 20 ಪಾಚಿ ಕುಲಗಳಿಗೆ ಅಂಕ ನಿಗದಿಪಡಿಸಿದರು. ಯೂಗ್ಲಿನಕ್ಕೆ 5, ಸೀನೆಡೆಸ್ಮಸ್‌ಗೆ 4. ಮಾದರಿಯ ಒಟ್ಟು ಅಂಕ 20 ಅಥವಾ ಹೆಚ್ಚಾದರೆ ಸಾವಯವ ಕೊಳಚೆ ಅಧಿಕವೆಂದು ಭಾವಿಸಲಾಗುತ್ತದೆ.

ಮಾದರಿ ತೆಗೆಯುವ ಕ್ರಮ

ಬೆಂಗಳೂರಿನ ಕೊಳಚೆಯನ್ನು ಹೊತ್ತ ವೃಷಭಾವತಿಯು ಬೈರಮಂಗಲ ಕೆರೆಯ ಮೂಲಕ ಹಾದು ಅರ್ಕಾವತಿಯನ್ನು ಸೇರುತ್ತದೆ. ಇಂತಹ ಕಡೆ ಸಂಗಮದ ಮೇಲೆ ಒಂದು, ಕೆಳಗೆ ಒಂದು ಮಾದರಿ ತೆಗೆದು ಹೋಲಿಸಬೇಕು. ಪ್ರವಾಹದಲ್ಲಿ ಪ್ಲವಕಗಳು ಕೊಚ್ಚಿಹೋಗುವುದರಿಂದ ನೀರು ಇಳಿದ ಕಾಲ ಸೂಕ್ತ. 50 ಲೀಟರ್ ನೀರನ್ನು ಪ್ಲವಕ ಬಲೆಯಲ್ಲಿ ಸೋಸಿ, ಉಳಿದುದಕ್ಕೆ ಲ್ಯೂಗಾಲ್ ಅಯೋಡಿನ್ ಬೆರೆಸಿ, ಬಿಸಿಲು ತಾಗದಂತೆ ಪ್ರಯೋಗಾಲಯಕ್ಕೆ ತಲುಪಿಸಬೇಕು. ವಿಸ್ತರಣಾ ಕಾರ್ಯಕರ್ತರು ಈ ಕೆಲಸದಲ್ಲಿ ರೈತರಿಗೆ ನೆರವಾಗಬಹುದು.

ಲವಣ ಮತ್ತು ಭಾರ ಲೋಹಗಳ ಪ್ರಮಾಣವನ್ನು ಪ್ಲವಕಗಳು ತಿಳಿಸಲಾರವು. ನೀರಾವರಿಗೆ ಬಳಸುವ ಮೊದಲು ಇವುಗಳ ಪರೀಕ್ಷೆಯನ್ನು ಪ್ರತ್ಯೇಕವಾಗಿ ಮಾಡಿಸಬೇಕು.

ರೈತರು ಗಮನಿಸಬೇಕಾದ ಅಂಶಗಳು

1. ನೀರಿನ ಮೇಲೆ ಹಸಿರು ಬಣ್ಣ ಬಳಿದಂತೆ ಕೆನೆ ಕಟ್ಟಿದ್ದರೆ ದನಗಳಿಗೆ ಕುಡಿಸಬಾರದು. ಮೈಕ್ರೊಸಿಸ್ಟಿಸ್ ಎಂಬ ನೀಲಿ-ಹಸಿರು ಪಾಚಿಯ ವಿಷ ಯಕೃತ್ತನ್ನು ಕೆಡಿಸುತ್ತದೆ. ಕುದಿಸಿದರೂ ಈ ವಿಷ ಹೋಗದು.

2. ನಸುಕಿನಲ್ಲಿ ಮೀನುಗಳು ಮೇಲೆ ಬಂದು ಬಾಯಿ ತೆರೆದು ಉಸಿರಾಡುತ್ತಿದ್ದರೆ, ರಾತ್ರಿ ಆಮ್ಲಜನಕ ಕಡಿಮೆಯಾಗಿದೆಯೆಂದು ತಿಳಿಯಬೇಕು.

3. ಹೊಲದಿಂದ ಹರಿದುಹೋಗುವ ಸಾರಜನಕ, ರಂಜಕಗಳೂ ಪಾಚಿಯನ್ನು ಬೆಳೆಸುತ್ತವೆ. ಆದ್ದರಿಂದ ಸಾರಜನಕವನ್ನು ಕಂತುಗಳಲ್ಲಿ ಕೊಡಬೇಕು. ಮಳೆ ಬರುವ ಸೂಚನೆಯಿದ್ದಾಗ ಗೊಬ್ಬರ ಎರಚಬಾರದು.

4. ನದಿಯಂಚಿನಲ್ಲಿ ಹುಲ್ಲಿನ ಪಟ್ಟಿ ಬಿಡಬೇಕು. ಸಿಂಪರಣಾ ಯಂತ್ರಗಳನ್ನು ನದಿಯಲ್ಲಿ ತೊಳೆಯಬಾರದು.

ಮೇಲಿನ ಊರಿನವರು ಹರಿಯಬಿಟ್ಟದ್ದನ್ನೇ ಕೆಳಗಿನ ಊರಿನವರು ಬಳಸಬೇಕಾಗುತ್ತದೆ. ಆದಕಾರಣ ಈ ಎಚ್ಚರಿಕೆ ನದಿ ದಂಡೆಯ ಪ್ರತಿಯೊಬ್ಬ ರೈತರಿಗೂ ಅತ್ಯವಶ್ಯ.