ಮುಯ್ಯಿ ಪುಸ್ತಕದಲ್ಲೊಂದು ಡೀಸೆಲ್ ಲೆಕ್ಕ

ನನ್ನ ನಾಚಿಕೆಗೆ ತಗುಲಿದ ಖರ್ಚು 6,300 ರೂಪಾಯಿ. ರಸೀದಿ ಇದೆ.

ಎದೆಯ ಗಂಟು ಕ್ಯಾನ್ಸರಿನದು ಅಂತ ಗೊತ್ತಾದ ವಾರ ಸ್ಕ್ಯಾನಿಗೆ, ಪರೀಕ್ಷೆಗಳಿಗೆ 40,000 ಹೊಂದಿಸಬೇಕಾಯಿತು. ಇದ್ದದ್ದು ಒಂದು ಸರ. ಸೊಸೈಟಿಯಲ್ಲಿ ಇಡಬಹುದಿತ್ತು, ಆದರೆ ಅಲ್ಲಿ ಎಲ್ಲರೂ ಗುರುತಿನವರು. "ಯಾಕಕ್ಕ, ಸರ ತಂದ್ರಿ?" ಅಂತ ಒಬ್ಬರು ಕೇಳಿದರೂ ಸಂಜೆಯೊಳಗೆ ನಮ್ಮ ಹಾಸನೂರಿಗೆಲ್ಲ ಸುದ್ದಿ. ಅದಕ್ಕೇ ದಿಂಬಂ ಘಾಟಿಯ 27 ತಿರುವು ಇಳಿದು, ಮುಖ ಪರಿಚಯವಿಲ್ಲದ ಗಿರವಿ ಅಂಗಡಿ ಹುಡುಕಿಕೊಂಡು ಹೋದೆ. ತಿಂಗಳಿಗೆ ನೂರಕ್ಕೆ ಮೂರು. ಏಳು ತಿಂಗಳಿಗೆ ಬಡ್ಡಿ 8,400. ವರ್ಷಕ್ಕೆ ನೂರಕ್ಕೆ ಒಂಬತ್ತರ ಸಾಲವಾಗಿದ್ದರೆ 2,100ಕ್ಕೆ ಮುಗಿಯುತ್ತಿತ್ತು. ಇದೇ ಅಂಕಣದಲ್ಲಿ ಬಡ್ಡಿಯ ಬಗ್ಗೆ ಊರಿಗೆಲ್ಲ ಬುದ್ಧಿ ಹೇಳಿದವಳು ನಾನು!

ಇನ್ನೊಂದು ತಪ್ಪು ಕಾರ್ಡಿನದು. ತಮಿಳುನಾಡಿನ ಮುಖ್ಯಮಂತ್ರಿ ಸಮಗ್ರ ಆರೋಗ್ಯ ವಿಮೆಗೆ ಕುಟುಂಬದ ವರ್ಷದ ಆದಾಯ 1,20,000 ಮೀರಬಾರದು; ಸೇರಿದರೆ ವರ್ಷಕ್ಕೆ 5 ಲಕ್ಷದವರೆಗಿನ ಚಿಕಿತ್ಸೆಗೆ ಆಧಾರ. ಎರಡೆಕರೆ ಕೋಸು, ಒಂದು ಹೊಲಿಗೆ ಮಿಷನ್ನು, ಈ ಅಂಕಣದ ಪುಡಿಗಾಸು ಸೇರಿಸಿದರೂ ನಮ್ಮದು ಆ ಗೆರೆಯ ಕೆಳಗೇ. ಆದರೂ "ಅದು ಇಲ್ಲದೋರಿಗೆ" ಅಂತ ಮಾಡಿಸಿರಲಿಲ್ಲ. ಈಗ ಮಾಡಿಸೋಣವೆಂದರೆ ಪಾರಂ ತಮಿಳಿನಲ್ಲಿ. ನಾನು ಕನ್ನಡ ಶಾಲೆಯಲ್ಲಿ ಕಲಿತವಳು. ತಮಿಳು ಮಾತಾಡಬಲ್ಲೆ, ಅಕ್ಷರ ಕೂಡಿಸಿ ಓದುವಷ್ಟರಲ್ಲಿ ಬಸ್ಸು ಹೋಗಿರುತ್ತದೆ.

ಹಿಂದಿನ ಬೀದಿಯ ಹತ್ತನೇ ಕ್ಲಾಸಿನ ಹುಡುಗಿಯನ್ನು ಕರೆದೆ. ಕಾಯಿಲೆ ಬಂದಮೇಲೆ ನಾನು ಬಾಯಿಬಿಟ್ಟು ಕೇಳಿದ ಮೊದಲ ಸಹಾಯ ಅದು. ಜಗಲಿಯ ಮೇಲೆ ಕೂತು, ಪೆನ್ನಿನ ಮುಚ್ಚಳ ಕಚ್ಚಿಕೊಂಡು ಒಂದೊಂದೇ ಸಾಲು ಓದಿದಳು. "ಅತ್ತೆ, ವರ್ಷದ ವರಮಾನ ಎಷ್ಟು?" ನಾನು ದನಿ ತಗ್ಗಿಸಿ ಹೇಳಿದೆ. ಬರೆದುಕೊಂಡಳು, ಮುಂದಿನ ಸಾಲಿಗೆ ಹೋದಳು. ಮುಖ ಸಹ ಎತ್ತಲಿಲ್ಲ. ಇಷ್ಟಕ್ಕೇನಾ ನಾನು ಹೆದರಿದ್ದು ಅನ್ನಿಸಿತು.

ಕಾರ್ಡು ಆಸ್ಪತ್ರೆಯ ಬಿಲ್ಲು ನೋಡಿಕೊಂಡಿತು. ದಾರಿಯ ಖರ್ಚಿಗೆ ಕಾರ್ಡಿಲ್ಲ. 21 ದಿನಕ್ಕೊಮ್ಮೆ ಕೊಯಮತ್ತೂರಿಗೆ, ಒಟ್ಟು ಏಳು ಸಲ ಕೀಮೋ. ಮೊದಲ ಸಲ ಬಸ್ಸಿನಲ್ಲೇ ವಾಪಸ್ ಬಂದೆ. ಬನ್ನಾರಿ ದಾಟಿ ಘಾಟಿ ಹತ್ತಿದ ಮೇಲೆ ಒಂಬತ್ತನೇ ತಿರುವಿಗೆ ಕೈಯಲ್ಲಿದ್ದ ಪ್ಲಾಸ್ಟಿಕ್ ಕವರು ತುಂಬಿತ್ತು. ಇನ್ನು ಹದಿನೆಂಟು ತಿರುವು ಬಾಕಿ. ಪಕ್ಕದಲ್ಲಿ ಕೂತಿದ್ದ ಯಾರೋ ಹೆಂಗಸು ತನ್ನ ಹೂವಿನ ಕವರು ಖಾಲಿ ಮಾಡಿ ಕೊಟ್ಟಳು. ಬಾಡಿಗೆ ಕಾರಿಗೆ ಕೇಳಿದರೆ ಒಂದು ಸಲಕ್ಕೆ 4,500. ಉಳಿದ ಆರು ಸಲಕ್ಕೆ 27,000.

ಎದುರು ಮನೆಯವನ ಹತ್ತಿರ ಜೀಪಿತ್ತು. ಸುದ್ದಿ ತಿಳಿದ ದಿನವೇ ಬಂದು "ಯಾನಾರ ಬೇಕಾದ್ರ ಹೇಳಕ್ಕ" ಅಂದಿದ್ದ. "ಯಾನೂ ಬ್ಯಾಡ ಬುಡಪ್ಪ" ಅಂದಿದ್ದೆ. ಕಾರಪಳ್ಳಂ ಚೆಕ್‌ಪೋಸ್ಟ್ ಹತ್ತಿರ ಆನೆ ರಸ್ತೆಗೆ ಅಡ್ಡ ನಿಂತು ಕಬ್ಬಿನ ಲಾರಿಯಿಂದ ತನಗೆ ಬೇಕಾದ್ದು ಎಳೆದುಕೊಳ್ಳುವುದನ್ನು ಈ ಕಡೆಯವರೆಲ್ಲ ಕಂಡವರೇ. ಹಾಗೆ ಬೇಕಾದ್ದು ಈಸಿಕೊಳ್ಳುವ ಧೈರ್ಯ ನನಗೆ ಬರಲಿಲ್ಲ. ಕೊನೆಗೆ ಲೆಕ್ಕ ಹಾಕಿಕೊಂಡೇ ಅವನ ಮನೆಗೆ ಹೋದೆ: ಗುರುವಾರ, ಬೆಳಿಗ್ಗೆ ಆರಕ್ಕೆ ಹೊರಡಬೇಕು, ಡೀಸೆಲ್ ಸುಮಾರು 2,000 ಆಗುತ್ತೆ, ನಾನು ಕೊಡ್ತೀನಿ. 2022ರ ಫೆಬ್ರವರಿಯಿಂದ ಘಾಟಿಗೆ ರಾತ್ರಿ ನಿರ್ಬಂಧವಿರುವುದರಿಂದ ಒಂಬತ್ತರೊಳಗೆ ವಾಪಸಾಗಬೇಕು ಅಂತಲೂ ಹೇಳಿದೆ. ಅವನಿಗೆ ನಿರಾಳವಾಯಿತು ಅನ್ನಿಸುತ್ತೆ. "ಯಾನಾರ" ಅಂದಿದ್ದವನಿಗೆ ಈಗ ದಿನ, ಹೊತ್ತು, ಕೆಲಸ ಸಿಕ್ಕಿತ್ತು. ಎರಡು ಸಲ ಡೀಸೆಲ್ ದುಡ್ಡು ತಗೊಂಡ. ಉಳಿದ ನಾಲ್ಕು ಸಲ ಮುಟ್ಟಲಿಲ್ಲ.

ಕೊನೆಯ ಕೀಮೋ ಮುಗಿಸಿ ಬಂದ ರಾತ್ರಿ, ಆ ಋಣ ನೆನೆದು ನನಗೆ ನಿದ್ದೆ ಹತ್ತಲಿಲ್ಲ. ನಮ್ಮ ಯಜಮಾನರು ಎದ್ದು, ಮಗಳ ಮದುವೆಯ ಮುಯ್ಯಿ ಪುಸ್ತಕ ತಂದು, ಹಿಂದಿನ ಖಾಲಿ ಹಾಳೆ ತೆಗೆದರು. "ಇದ್ರಲ್ಲಿ ಬರಿ. ಮದ್ವೇಲಿ ಅವ ಐನೂರು ಹಾಕ್ದಾಗ ನಾಚ್ಕೊಂಡ್ಯಾ?" ಅಂದರು. ಹೌದಲ್ಲ. ಘಾಟಿಯ ಕೆಳಗಿನವರು ಮೊಯ್ ಅನ್ನುತ್ತಾರೆ, ನಾವು ಮುಯ್ಯಿ; ಇಬ್ಬರೂ ತಲೆಯೆತ್ತಿಕೊಂಡೇ ಈಸಿಕೊಳ್ಳುತ್ತೇವೆ. ಹೊಲದಲ್ಲಿ ಮುಯ್ಯಾಳು ಬಂದರೆ ಉಪಕಾರ ಅನ್ನುವುದಿಲ್ಲ, ನಾಳೆ ನಾವು ಅವರ ಹೊಲಕ್ಕೆ ಹೋಗುತ್ತೇವೆ. ಬರೆಯುತ್ತಾ ಹೋದೆ: ಡೀಸೆಲ್, 4 ಸಲ. ಕೋಸು ಕೊಯ್ಲು, ಇಬ್ಬರು, ಎರಡು ದಿನ. ಪಾರಂ ಓದಿದ್ದು. ಅದರ ಮುಂದೆ ಮೊತ್ತ ಏನು ಬರೆಯುವುದೋ ತಿಳಿಯದೆ ಹಾಗೇ ಬಿಟ್ಟೆ. ಹೂವಿನ ಕವರು. ಅವಳ ಹೆಸರೇ ಕೇಳಿರಲಿಲ್ಲ.

ನೆಂಟರ ದೊಡ್ಡ ಮೊತ್ತ ಮಾತ್ರ ಬೇರೆ ಮಾತು. ಅದನ್ನು ಇವತ್ತಿಗೂ ತಾರೀಕು ಹಾಕಿ ಚೀಟಿ ಬರೆಯದೆ ಮುಟ್ಟುವುದಿಲ್ಲ. ಕಾಯಿಲೆ ವಾಸಿಯಾಗುತ್ತೆ, ನೆಂಟರ ನಡುವಿನ ದುಡ್ಡಿನ ಜಗಳ ವಾಸಿಯಾಗಲ್ಲ.

ಹೋದ ತಿಂಗಳು ಎದುರು ಮನೆಯವನ ಹೊಸ ಮನೆ ಗೃಹಪ್ರವೇಶ. ಕೂದಲು ಆಗಷ್ಟೇ ಚಿಗುರುತ್ತಿತ್ತು, ಸೆರಗು ಹೊದ್ದು ಹೋದೆ. ಬಾಗಿಲಲ್ಲಿ ಮೇಜು ಹಾಕಿಕೊಂಡು ಮುಯ್ಯಿ ಬರೆಯುತ್ತಿದ್ದ ಹುಡುಗ ನೋಟುಗಳನ್ನು ಎರಡು ಸಲ ಎಣಿಸಿದ. 8,501.

"ಅಕ್ಕ, ಇವ್ರು ನಿಮ್ಗ ಹಾಕಿದ್ದು ಐನೂರಲ್ವಾ?"

"ಡೀಸೆಲ್ ಸೇರಿ" ಅಂದೆ.

ಅವನು ಅದನ್ನೂ ಬರೆದುಕೊಂಡ.