ಮಂಡಿ ನೋವಿಗೆ ವಯಸ್ಸನ್ನೇ ದೂರಬೇಡಿ

ಲಾಲ್‌ಬಾಗ್‌ಗೆ ಬೆಳಗಿನ ವಾಕಿಂಗ್ ಬರುವ ಹಿರಿಯರಲ್ಲಿ ಅನೇಕರು ಮಂಡಿ ನೋವಿಗೆ ‘ವಯಸ್ಸಾಯ್ತಲ್ಲ’ ಎಂದು ಸುಮ್ಮನಾಗಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ನೋವು ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ ಎಂಬುದನ್ನು ಗಮನಿಸಿ.

ಮೆಟ್ಟಿಲು ಇಳಿಯುವಾಗ ನೋವು, ಕೂತರೆ ಆರಾಮ ಎಂದಾದರೆ ಬಹುಮಟ್ಟಿಗೆ ಅದು ಕೀಲಿನ ಸವೆತ. ತೂಕ ಇಳಿಸಿ, ತೊಡೆಯ ಸ್ನಾಯು ಬಲಪಡಿಸಿ. ಕುರ್ಚಿಯಲ್ಲಿ ಕೂತು ಒಂದು ಕಾಲನ್ನು ನೇರವಾಗಿ ಚಾಚಿ, ನಿಧಾನವಾಗಿ ಐದು ಎಣಿಸಿ ಇಳಿಸಿ. ಆಮೇಲೆ ಇನ್ನೊಂದು ಕಾಲು. ಮಂಡಿ ಬದಲಿಸುವ ಆಪರೇಷನ್ ಇವೆಲ್ಲ ಫಲಿಸದಾಗಿನ ಮಾತು.

ಬೆಳಿಗ್ಗೆ ಎದ್ದು ಮುಕ್ಕಾಲು ಗಂಟೆಯಾದರೂ ಬೆರಳು ಸಡಿಲವಾಗದೆ ಕಾಫಿ ಲೋಟ ಹಿಡಿಯುವುದೂ ಕಷ್ಟವೆ? ರುಮಟಾಯ್ಡ್ ಸಂಧಿವಾತ ಇರಬಹುದು. ಇದು ಮೂವತ್ತರ ಹೆಣ್ಣುಮಕ್ಕಳನ್ನೂ ಬಿಡದು. ತಡಮಾಡಿದರೆ ಬೆರಳು ಸೊಟ್ಟಗಾಗುತ್ತದೆ. ಇದಕ್ಕೆ ಕೊಡುವ ಮೆಥೋಟ್ರೆಕ್ಸೇಟ್ ಮಾತ್ರೆ ವಾರಕ್ಕೊಮ್ಮೆ ಮಾತ್ರ. ದಿನವೂ ನುಂಗಿದರೆ ಪ್ರಾಣಕ್ಕೇ ಅಪಾಯ.

ಕಾಲಿನ ಹೆಬ್ಬೆರಳು ರಾತ್ರೋರಾತ್ರಿ ಊದಿ ಕೆಂಪಾದರೆ ಯೂರಿಕ್ ಆಮ್ಲದ ಮೇಲೆ ಗುಮಾನಿ. ಕೀಲುನೋವಿಗೆ ಇನ್ನೊಂದು ಕಾರಣವಾದ, 2006ರಲ್ಲಿ ರಾಜ್ಯವನ್ನು ಕಾಡಿದ ಚಿಕುನ್‌ಗುನ್ಯ ಈಗಲೂ ಇದೆ. ಜ್ವರ ಬಿಟ್ಟರೂ ಕೀಲುನೋವು ಎಷ್ಟೋ ತಿಂಗಳು ಬಿಡುವುದಿಲ್ಲ.

ಮೆಡಿಕಲ್ ಶಾಪಿನಿಂದ ನೀವೇ ನೋವಿನ ಮಾತ್ರೆ ತಂದು ತಿಂಗಳುಗಟ್ಟಲೆ ನುಂಗಬೇಡಿ, ಕಿಡ್ನಿ ಕೆಡುತ್ತದೆ. ವೈದ್ಯರಿಗೆ ತೋರಿಸಿ; ಬೆಂಗಳೂರಿನ ಜಯನಗರ ಪೂರ್ವದಲ್ಲೇ ಮೂಳೆ ಚಿಕಿತ್ಸೆಗೆಂದೇ ಸರ್ಕಾರದ ಸಂಜಯ್ ಗಾಂಧಿ ಆಸ್ಪತ್ರೆಯಿದೆ. ಜ್ವರದ ಜೊತೆ ಒಂದೇ ಕೀಲು ಊದಿ ಬಿಸಿಯಾದರೆ ಮಾತ್ರ ನಾಳೆಗೆ ಕಾಯದೆ ಅಂದೇ ಆಸ್ಪತ್ರೆಗೆ ಹೋಗಿ.